ಎಂಟನೇ ಆಳು

ಕ್ಲಬ್ಬಿನ ದಫ್ತರದಲ್ಲಿ ನನ್ನದೇ ಅಕ್ಷರ:
ಭಾನುವಾರ. ಬಿಳಿ, ನಾನು. ಕಪ್ಪು, ನಬೀಸ.
ಕುಶಾಲನಗರ, ಪೈಂಟ್ ಅಂಗಡಿಯ ಮಹಡಿ.
ಟರ್ಪೆಂಟೈನ್ ವಾಸನೆಗೆ ಇಲ್ಲಿ ಎಲ್ಲರಿಗೂ ಸಣ್ಣ ತಲೆನೋವು;
ಸೋತವರು ಅದನ್ನೇ ಕಾರಣ ಹೇಳುವುದು ವಾಡಿಕೆ.

ಕಪ್ಪಿನ ಎಂಟನೇ ಕಾಲಾಳು ಕಳೆದು ಎರಡು ವರ್ಷ.
ಅದರ ಮನೆಯಲ್ಲಿ ಅಂಗಿಯ ಗುಂಡಿ ಇಡುತ್ತಿದ್ದೆವು,
ಒಮ್ಮೆ ಚಕ್ಕುಲಿಯ ಚೂರು.
ಅವಳು ಪರ್ಸಿನ ಜಿಪ್ ಎಳೆದು
ಒಂದು ಕಾಫಿಬೀಜ ತೆಗೆದಳು, ಬೆನ್ನು ಮೇಲಾಗಿ ಕೂರಿಸಿದಳು.
ಕಪ್ಪುಬೀಜ. ಕ್ಯೂರಿಂಗ್ ವರ್ಕ್ಸಿನ ಗಾರ್ಬ್ಲಿಂಗ್ ಸಾಲಿನಲ್ಲಿ
ಬೆಳಿಗ್ಗೆ ಎಂಟರಿಂದ ಅವಳ ಕೆಲಸವೇ ಅದು,
ಬೆಲ್ಟಿನ ಮೇಲೆ ಹರಿಯುವ ಹಸಿರುಬೂದು ರಾಶಿಯಲ್ಲಿ
ಕಪ್ಪನ್ನು ಹೆಕ್ಕಿ ಬಿಸಾಕುವುದು.
"ಇದೊಂದು ಉಳೀತು" ಎಂದಳು. ಅಷ್ಟೇ ಮಾತು.

ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದೆ,
ಮೂವತ್ತು ವರ್ಷದಿಂದ ನೂಕುತ್ತಿರುವಂತೆ.
ಕುದುರೆಗಳು ಹೋದವು. ರಾಣಿಗೆ ರಾಣಿ ಹೋಯಿತು.
ಒಂಟೆ, ನಮ್ಮ ಜಿಲ್ಲೆಯಲ್ಲಿ ಯಾರೂ ಸಾಕದ ಪ್ರಾಣಿ,
ನನ್ನ ಕೈಯಲ್ಲಂತೂ ಯಾವತ್ತೂ ದಾರಿ ತಪ್ಪಿದ್ದೇ.
ಆನೆಯೊಂದು ಮೂಲೆಯಲ್ಲಿ ನಿಂತೇ ಇತ್ತು
ದುಬಾರೆಯಲ್ಲಿ ಕಾಲಿಗೆ ಸರಪಳಿ ಬಿಗಿದ ಹಾಗೆ;
ಬಿಚ್ಚಬೇಕಾದ ಮಾವುತ ನಾನೇ, ಮರೆತಿದ್ದೆ.

ಇಪ್ಪತ್ತಾರನೇ ನಡೆಗೆ "ಡ್ರಾ?" ಎಂದೆ,
ದೊಡ್ಡ ಮನಸ್ಸಿನವನಂತೆ.
ತಲೆ ಎತ್ತಲಿಲ್ಲ ಅವಳು.
ಕಣ್ಣು ಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಹರಿಯುತ್ತಿತ್ತು
ಬೆಲ್ಟು ಇನ್ನೂ ಓಡುತ್ತಿರುವಂತೆ.
ಬೆರಳು ಮಾತ್ರ ಈ ಸಲ ಕಪ್ಪನ್ನು ಹೆಕ್ಕಿ
ಎಸೆಯಲಿಲ್ಲ.
ಮುಂದಿಟ್ಟಿತು. ಒಂದು ಮನೆ.
ಮತ್ತೆ ಒಂದು ಮನೆ.

ನಾನು ನೋಡಲಿಲ್ಲವೆಂದಲ್ಲ.
ನೋಡಿದೆ, ಬೀಜ ಅಂದುಕೊಂಡೆ.
ಎತ್ತರವಿಲ್ಲದ್ದು ಲೆಕ್ಕಕ್ಕೂ ಇಲ್ಲವೆಂಬಂತೆ
ರಾಜನನ್ನು ಅದರ ಪಕ್ಕದಿಂದಲೇ ಆಚೆ ನಡೆಸಿದೆ.
ಹಿಂದಿನಿಂದ ಪೂಣಚ್ಚ ಕೆಮ್ಮಿದ.
ನೋಡುವವರು ಮಾತಾಡಬಾರದು ಎಂದು ಕ್ಲಬ್ಬಿನ ನಿಯಮ.
ಕೆಮ್ಮಿನ ಬಗ್ಗೆ ಏನೂ ಬರೆದಿಲ್ಲ. ಬರೆದವನು ನಾನು.

ಕೊನೆಯ ಸಾಲು ಮುಟ್ಟಿದಾಗ
ಬೀಜ ತೆಗೆದು ಪರ್ಸಿಗೆ ಹಾಕಿದಳು,
ಆ ಮನೆಗೆ ರಾಣಿಯನ್ನು ತಂದು ನಿಲ್ಲಿಸಿದಳು.
ಆಮೇಲೆ ಮೂರೇ ನಡೆ.
ರಾಜನನ್ನು ನಾನೇ ಮಗ್ಗುಲಾಗಿ ಮಲಗಿಸಿದೆ.

ಕೈ ಕೊಟ್ಟೆ. ಅವಳ ಬೆರಳತುದಿ ಗೋಣಿಯಷ್ಟು ಒರಟು.
"ಬೆಳಿಗ್ಗೆಯಿಂದ ಈ ತಲೆನೋವು" ಎಂದು ಶುರು ಮಾಡಿದ್ದೆ,
"ಗುಡ್ಡೆಹೊಸೂರಿಗೆ ಕೊನೇ ಬಸ್ ಎಷ್ಟಕ್ಕೆ?" ಅಂದಳು.

ದಫ್ತರ ಎಳೆದುಕೊಂಡು ಬರೆದೆ: ಸೊನ್ನೆ, ಒಂದು.
ಸೊನ್ನೆ ಚೆನ್ನಾಗಿ ದುಂಡಗೆ ಬಂದಿದೆ.