ಹನ್ನೊಂದು ಸೆಕೆಂಡು

ಬೆಳಿಗ್ಗೆ ಕಣಿವೆಯ ಶಾಲೆ, ಮಧ್ಯಾಹ್ನ ಗುಡ್ಡದ ಶಾಲೆ.
ಉಲಾನ್‌ಬಾತರಿನ ಜನವರಿ, ಸೊನ್ನೆಗಿಂತ ಮೂವತ್ತು ಕೆಳಗೆ.
ನನ್ನ ಚೀಲದಲ್ಲಿ ಚಿತ್ರದ ಕಾರ್ಡು, ಕೆಂಪು ಬಿಳಿ ಘನಗಳು,
ಒಂದು ಸ್ಟಾಪ್‌ವಾಚು, ಎರಡು ಪೆನ್ಸಿಲ್.
ಪೆನ್ನು ತರುವುದಿಲ್ಲ; ಶಾಯಿ ಬಸ್ಸಿನಲ್ಲೇ ಹೆಪ್ಪುಗಟ್ಟುತ್ತದೆ.

ಕಣಿವೆಯಲ್ಲಿ ಪ್ರತಿ ಕಿಟಕಿಯ ಕೆಳಗೂ ಬಿಸಿನೀರಿನ ಕೊಳವೆ.
ಮಕ್ಕಳು ಬರಿಯ ಅಂಗಿಯಲ್ಲಿ ಕೂರುತ್ತಾರೆ.
ಅನುಂಗೂ ಎಂಬವಳು ಘನಗಳನ್ನು ಜೋಡಿಸಿ
ಮುಗಿಯಿತು ಎನ್ನುವ ಮೊದಲೇ
ಮುಂದಿನ ಕಾರ್ಡಿಗೆ ಕೈ ಚಾಚಿದಳು.
ನೂರ ಹನ್ನೆರಡು.

ಗುಡ್ಡದಲ್ಲಿ ಹಲಗೆಯ ಬೇಲಿಗಳು, ಬೇಲಿಯೊಳಗೆ ಉಣ್ಣೆಯ ಗುಡಾರಗಳು,
ಒಂದೊಂದರ ನೆತ್ತಿಗೂ ಒಂದೊಂದು ಹೊಗೆಕೊಳವೆ.
ಹತ್ತುತ್ತ ಹೋದಂತೆ ಎದುರಿನ ಬೆಟ್ಟ ಮಾಸುತ್ತದೆ, ಆಮೇಲೆ ಇರುವುದೇ ಇಲ್ಲ.
ನಾಯಿ ಬೊಗಳಿದ ಮೇಲೆ ಗೊತ್ತಾಗುವುದು ಅಲ್ಲೊಂದು ಮನೆಯಿದೆ ಎಂದು.
'ಪಾಠ ಇವರ ತಲೆಗೆ ಹತ್ತುವುದಿಲ್ಲ' ಎಂದರು ಹೆಡ್‌ಮೇಷ್ಟ್ರು,
ಉಪ್ಪಿನ ಚಹಾ ಬಗ್ಗಿಸುತ್ತ, ಹವಾಮಾನ ಹೇಳುವ ಹಾಗೆ.
ಹತ್ತುವುದು ಏನೆಂದು ಕಿಟಕಿಯಾಚೆ ಕಾಣುತ್ತಿತ್ತು.

ಬುಯನ್‌ದೆಲ್ಗೆರನಿಗೆ ಒಂಬತ್ತು.
ಪೆನ್ಸಿಲ್ ಹಿಡಿಯಲೆಂದು ಕೈಗವಸಿನ ಎರಡು ಬೆರಳು ಕತ್ತರಿಸಿಕೊಂಡಿದ್ದಾನೆ.
ಗುಂಪಿಗೆ ಸೇರದ್ದು ಯಾವುದು?
ನಲ್ಲಿ, ಬಕೆಟ್ಟು, ಲೋಟ, ಹಾಸಿಗೆ.
'ನಲ್ಲಿ' ಎಂದ. 'ಉಳಿದದ್ದೆಲ್ಲ ಮನೆಯಲ್ಲಿರುತ್ತೆ.'
ಪುಸ್ತಕದಲ್ಲಿ ಉತ್ತರ: ಹಾಸಿಗೆ.
ಸೊನ್ನೆ ಬರೆದೆ. ಬಹಳ ದುಂಡಗೆ ಬಂತು.

ಸಂಜೆ ಕೈಗಾಡಿಯಲ್ಲಿ ಎರಡು ಕ್ಯಾನು ನೀರು ಎಳೆಯುತ್ತಾನಂತೆ.
ಯಾವ ತಿರುವಿನಲ್ಲಿ ಗಾಡಿಯ ಮುಂದೆ ನಡೆಯಬೇಕು,
ಎಲ್ಲಿ ಹಿಂದೆ ಹೋಗಿ ಜಗ್ಗಿ ಹಿಡಿಯಬೇಕು,
ಎಲ್ಲ ಬಲ್ಲ.
ಅದನ್ನು ಹೊಗಳಿ ಮನೆಗೆ ಹೋಗಲು ನನಗೆ ಮನಸ್ಸಿಲ್ಲ.
ಅವನಿಗೆ ಘನಗಳೂ ಬರಬೇಕು.

'ಐದು, ಎಂಟು, ಎರಡು, ಆರು. ಹಿಂದಿನಿಂದ ಹೇಳು.'
'ಆರು, ಎರಡು...'
ಹೊಟ್ಟೆಯ ಬುಡದಿಂದ ಕೆಮ್ಮು ಬಂತು.
ತಲೆಯೆತ್ತಿದಾಗ ಎಂಟು ಎಲ್ಲೋ ಉದುರಿಹೋಗಿತ್ತು.
ಘನ ಜೋಡಿಸುವಾಗಲೂ ಹಾಗೇ: ಮೂರು ಸಲ ಕೆಮ್ಮಿದ,
ಮೂರು ಸಲವೂ ಮುಳ್ಳು ಓಡುತ್ತಲೇ ಇತ್ತು.
ಕರೆಂಟು ಹೋದರೆ ಸ್ಟಾಪ್‌ವಾಚು ನಿಲ್ಲಿಸಬಹುದು,
ಬೆಂಕಿಯ ಗಂಟೆ ಹೊಡೆದರೆ ನಿಲ್ಲಿಸಬಹುದು.
ಕೆಮ್ಮಿನ ಬಗ್ಗೆ ಕೈಪಿಡಿಯಲ್ಲಿ ಮಾತಿಲ್ಲ.
ಎಂಬತ್ತನಾಲ್ಕು.

'ನಿಮ್ಮದು ಎಷ್ಟು?' ಎಂದು ಕೇಳಿದ, ಚೀಲ ಕಟ್ಟುವಾಗ.

ನಾನೂ ಈ ಗುಡ್ಡದವಳೇ, ಮಗು.
ಮೂರನೇ ಕ್ಲಾಸಿನಲ್ಲಿ ಎರಡು ಸಲ ಕೂತವಳು.
ಅಪ್ಪನಿಗೆ ಟ್ರಾಲಿಬಸ್ಸಿನ ಕೆಲಸ ಸಿಕ್ಕಿತು,
ನಾವು ಕಣಿವೆಯ ಐದನೇ ಮಹಡಿಗೆ ಇಳಿದೆವು.
ಎರಡು ಚಳಿಗಾಲ ಕಳೆಯಿತು, ಕೆಮ್ಮು ನಿಂತಿತು,
ಲೆಕ್ಕದಲ್ಲಿ ಮೊದಲಿಗಳಾದೆ.
ಅಜ್ಜಿ ಲಾಮಾ ಕೊಟ್ಟ ದಾರಕ್ಕೆ ಕೈಮುಗಿದಳು.
ಅಪ್ಪ ತನ್ನ ವಂಶವನ್ನು ನೆನೆದ.
ನಾನು ನನ್ನನ್ನೇ ಮೆಚ್ಚಿಕೊಂಡೆ, ಇಪ್ಪತ್ತೆಂಟು ವರ್ಷ.
ಕಿಟಕಿಯ ಕೆಳಗಿನ ಕೊಳವೆಗೆ ಯಾರೂ ಕೈಮುಗಿಯಲಿಲ್ಲ;
ಅದರ ಮೇಲೆ ಕಾಲುಚೀಲ ಒಣಹಾಕುತ್ತಿದ್ದೆವು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ.
ಸುಡುತ್ತಿರುವುದು ಏನು, ಯಾರ ಒಲೆಯಲ್ಲಿ,
ಅದರ ಹೊಗೆ ಯಾರ ಮೂಗಿಗೆ,
ಇಷ್ಟನ್ನು ಕೇಳಿದ್ದರೆ ಗಾದೆ ಉದ್ದವಾಗುತ್ತಿತ್ತೇನೋ.
ಅವನ ಬುದ್ಧಿಯಲ್ಲಿ ಗುಡ್ಡದ ಪಾಲೆಷ್ಟು, ತಾಯ್ತಂದೆಯ ಪಾಲೆಷ್ಟು,
ನನಗೆ ಗೊತ್ತಿಲ್ಲ.
ಗೊತ್ತಿದೆಯೆಂದು ಸಹಿ ಹಾಕುವುದು ನನ್ನ ನೌಕರಿ.

ಹಾಳೆಯಲ್ಲಿ ಹೆಸರಿಗೆ ಜಾಗವಿದೆ, ವಯಸ್ಸಿಗಿದೆ, ತಂದೆಯ ಹೆಸರಿಗಿದೆ.
ಗಾಳಿಗೆ ಕಾಲಂ ಇಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದೆ:
ಕೆಮ್ಮು ಮೂರು ಸಲ, ಒಟ್ಟು ಹನ್ನೊಂದು ಸೆಕೆಂಡು.
ಕಚೇರಿಯಲ್ಲಿ ಅಂಚನ್ನು ಯಾರೂ ಓದುವುದಿಲ್ಲ.

ಕತ್ತಲಾದ ಮೇಲೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅನುಂಗೂ, ಅವಳಮ್ಮ.
ಬೆಳಗಿನ ಗುರುತು ಹಿಡಿದು ನಕ್ಕಳು.
ಆಮೇಲೆ ಮೂಗು ಸುಕ್ಕಾಗಿಸಿ ಅಮ್ಮನ ಕೋಟಿನೊಳಗೆ ಸರಿದಳು.
ನನ್ನ ಕೋಟಿನಿಂದ ಬರುತ್ತಿತ್ತು,
ಗುಡ್ಡದ ವಾಸನೆ.