ನೆರಳು

ಸೊಹಾರ್ ಬಂದರಿನ ಯಾರ್ಡಿನಲ್ಲಿ
ನೆರಳಿರುವುದು ಒಂದೇ ಕಡೆ,
ನೀಲಿ ಕಂಟೇನರಿನ ಹಿಂದೆ.
ಎಲ್ಲರೂ ಸೇದುವುದೂ ಅಲ್ಲೇ.

ನಾನು ಬಿಟ್ಟದ್ದು ಜನವರಿಯಲ್ಲಿ, ಬಿಸಿಲು ಹಿತವಾಗಿದ್ದಾಗ.
ಈಗ ಜೂನ್.
ಸಿಗರೇಟಿನ ಜೊತೆ ನೆರಳನ್ನೂ ಬಿಟ್ಟೆನೆಂದು
ಆಗ ಹೊಳೆದಿರಲಿಲ್ಲ.
ಅವರ ಕೆಮ್ಮು ಕೇಳಿದರೂ ಸಾಕು,
ಆಸೆಯಾಗುತ್ತದೆ.

ಕಿಸೆಯಲ್ಲಿ ಲೈಟರ್ ಇನ್ನೂ ಇದೆ,
ನೈಲಾನ್ ಹಗ್ಗದ ತುದಿ ಸುಡಲು ಬೇಕು, ಅಷ್ಟೇ.
ಅಂಗಡಿಯ ಕುಂಞಿಮೋನು ನನ್ನ ಕಂಡೊಡನೆ
ಮೇಲಿನ ಖಾನೆಗೆ ಕೈ ಚಾಚಿ,
ನೆನಪಾಗಿ,
ನೆಲಗಡಲೆ ಪೊಟ್ಟಣ ಕೊಡುತ್ತಾನೆ.

ಇವತ್ತು ಟ್ರೇಲರೊಂದು ಬಂದು ನಿಂತಿತು.
ಅದರಡಿ ನುಸುಳಿದೆ.
ಸೇದಿ ಮುಗಿಸಿದ ಹಸನಬ್ಬ
ಬಗ್ಗಿ ಬಂದು ಪಕ್ಕದಲ್ಲಿ ಕೂತ, ಮಾತಿಲ್ಲ.
ಅವನ ಅಂಗಿಯ ವಾಸನೆಯನ್ನು
ಎರಡು ಸಲ ಉದ್ದಕ್ಕೆ ಎಳೆದುಕೊಂಡೆ.

ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.
ನೂರ ಐವತ್ತೊಂದನೆಯ ದಿನ.