ಮೊದಲ ಮನಿ ಕಟ್ಟು

ಖಾಸಿಂಸಾಬ ಮೊದಲನೇ ದಿನ ಹಕ್ಕಿ ಕೊಡಲಿಲ್ಲ.
ತೊಟ್ಟಿಯ ಕರಿನೀರಾಗ ಟ್ಯೂಬ್ ಮುಳುಗಿಸಿ
ಗುಳ್ಳಿ ಎಲ್ಲಿಂದ ಏಳತಾವ ಅಂತ ನೋಡಕೋತ ಅಂದ:
"ಮೊದಲ ಮನಿ ಕಟ್ಟು, ಹಕ್ಕಿ ಆಮ್ಯಾಲ.
ಎಲ್ಲಾರೂ ಉಲ್ಟಾ ಮಾಡತಾರ,
ಒಯ್ದು ಬುಟ್ಟಿ ಡಬ್ಬ ಹಾಕತಾರ,
ಮುಂಜಾನೆ ಬೆಕ್ಕಿನ ಮೀಸ್ಯಾಗ ಪುಕ್ಕ ಹುಡುಕತಾರ."

ನಾ ಘಾಳೆಪ್ಪ.
ಬೀದರದ ಚೌಬಾರಾ ಹಿಂದ ಝೆರಾಕ್ಸ್ ಅಂಗಡಿ.
ಹೆಸರ ಹೇಳಬೇಕಂದ್ರ ಮೊದಲನೇ ಅಕ್ಷರ
ಗಂಟಲದಾಗ ಕಾಲ ಚಾಚಿ ಕುಂದರತದ.
ಗಿರಾಕಿಗಿ ಬೆರಳಿಲೇ ಹೇಳತೀನಿ:
ಎರಡು ಕಾಪಿ, ನಾಕು ರೂಪಾಯಿ.

ಹಳೇ ಕಪಾಟ ಮಾಳಗಿ ಮ್ಯಾಲ ಏರಿಸಿದೆ.
ಮೂರು ಖಣ, ಕೋಳಿ ಜಾಳಗಿ, ಮೂಡಲಕ್ಕ ಬಾಗಲ.
ಸುಗಲವ್ವ ನಡುವಿನ ಮ್ಯಾಲ ಕೈ ಇಟ್ಟು ಕೇಳಿದಳು,
"ಹಿಕ್ಕಿ ಯಾರ ಬಳಿಯವರು?"
ನಾ ಕೈ ಎತ್ತಿದೆ.
ಸಾಲ್ಯಾಗ ಒಂದು ದಿನಾನೂ ಎತ್ತದ ಕೈ.

ಖಾಸಿಂಸಾಬ ಬಂದು ಮೂಲಿ ಮೂಲಿಗಿ ಬೆರಳ ತೂರಿಸಿ ನೋಡಿದ.
"ಇಲ್ಲಿ ಹಾವು ಹಾಯತದ. ಮುಚ್ಚು."
ಬಿಳಿಜ್ವಾಳ, ಸಜ್ಜಿ, ಥಂಡಿಯಾಗ ಚೂರು ಕುಸುಬಿ.
ದಿನಾ ನೀರ ಚೆಲ್ಲಿ ಹೊಸಾ ನೀರ.
ಕ್ವಾಟಿ ಕಡೆಯ ಕೆಂಪ ಮುರಮು ಕುಟ್ಟಿ
ಸುಣ್ಣ, ಉಪ್ಪು ಕಲಸಿ ಒಂದು ಚಿಪ್ಪಿನಾಗ ಇಡು:
ಬಾಯಾಗ ಹಲ್ಲಿಲ್ಲ ಇವಕ್ಕ,
ಹೊಟ್ಟ್ಯಾಗ ಹಲ್ಲು ಬೇಕು.

ನಾಕು ಬಂದವು ಗೋಣಿ ಚೀಲದಾಗ,
ಎರಡು ಬೂದಿ, ಒಂದು ಕೆಂಪು, ಒಂದು ಬಿಳಿ.
ಅಂಗೈಯಾಗ ಹಿಡಿದರ ಎದಿ ಬಡಕೊಳ್ಳತದ,
ಮಶಿನ್ ಕಾಗದ ನುಂಗೋ ಮುಂಚೆ
ಒಳಗೊಳಗ ನಡಗತದಲ್ಲ, ಹಂಗ.
"ತಿಂಗಳತನ ಬಿಡಬ್ಯಾಡ.
ನಿನ್ನ ಸಿಂಟೆಕ್ಸ್ ನೋಡಲಿ, ಬಾಜೂಕಿನ ತಂತಿ ಮ್ಯಾಲ
ಒಣಗೋ ಲುಂಗಿ ನೋಡಲಿ, ಚೌಬಾರಾದ ನೆತ್ತಿ ನೋಡಲಿ.
ವಿಳಾಸ ಬಾಯಿಪಾಠ ಆಗಲಿ."

ಆ ತಿಂಗಳ ನಾನೂ ನೋಡಿದೆ.
ಹದಿಮೂರು ವರ್ಷ ಇದೇ ಮಾಳಗಿ ಮ್ಯಾಲ ಮಲಗೀನಿ,
ಆ ಲುಂಗಿ ಯಾರದು ಅಂತ ಗೊತ್ತಿರಲಿಲ್ಲ.

"ಕ... ಕ... ಕರಿಯೋದು ಹ್ಯಾಂಗ?"
ಖಾಸಿಂಸಾಬ ಕಾದ. ನನ್ನ ಮಾತು ಮುಗಿಯೋತನ ಕಾದ.
ಹಕ್ಕಿ ಸಾಕಿದವರಿಗಿ ಕಾಯೋದು ಬರತದ.
"ಡಬ್ಬಿಯಾಗ ಜ್ವಾಳ ಹಾಕಿ ಅಲ್ಲಾಡಸು.
ಆ... ಆ... ಆ... ಅನ್ನು.
ಅಷ್ಟೇ. ಮುಂದ ಮಾತಿಲ್ಲ."

ಮುಂದ ಮಾತಿಲ್ಲ!

ಮುಂಜಾನಿಂದ ಕಾಳ ಹಾಕಲಿಲ್ಲ. ಸಂಜಿ ಐದಕ್ಕ
ಜಾಳಗಿ ತೆರದೆ.
ಹಸದ ಹಕ್ಕಿ ದೂರ ಹೋಗಂಗಿಲ್ಲ ಅಂದಿದ್ದ.
ಹೋದವು. ಒಂದು ಸುತ್ತು, ಎರಡು,
ಮೂರನೇ ಸುತ್ತಿಗಿ ಚೌಬಾರಾ ಆಚಿಗಿ ಸರಕ್ಕನ ಇಳಿದು
ಇಲ್ಲದಂಗ ಆದವು.
ಡಬ್ಬಿ ಹಿಡಿದ ಕೈ ಬೆವತು ಜಾರಾಕತ್ತಿತು.

ಬಾಯಿ ತೆರದೆ.
ನನ್ನ ದನಿ ನನಗಿಂತ ಮುಂಚೆ ಹೋತು,
ಲುಂಗಿ ದಾಟಿ, ತಂತಿ ದಾಟಿ,
ಮಗ್ರಿಬದ ಮುಂಚಿನ ಖಾಲಿ ಆಕಾಶದಾಗ.
ಎಲ್ಲೂ ತಡೀಲಿಲ್ಲ.
ಕೆಳಗಿಂದ ಸುಗಲವ್ವ,
"ಯಾರಪ್ಪಾ ಅದು, ನಮ್ಮ ಮಾಳಗಿ ಮ್ಯಾಲ?"

ಬೂದಿ ಎರಡು ಬಂದವು, ಏನೂ ಆಗದವರಂಗ.
ಕೆಂಪು ಬಂತು, ಸಿಂಟೆಕ್ಸ್ ಮ್ಯಾಲ ಕುಂತು
ಪುಕ್ಕ ತಿದ್ದಿಕೊಂಡು, ಆಮ್ಯಾಲ ಇಳೀತು.
ಬಿಳಿ ಬರಲಿಲ್ಲ.
ಕೆಟ್ಟ ಕಾಪಿ ಹಾಳಿಯಂಗ ದೂರದಾಗ ಏನೋ ಒಂದು
ತಿರಗತಾ ಇತ್ತು, ಅದು ಪ್ಲಾಸ್ಟಿಕ್ ಚೀಲ.

ಮರುದಿನ ಖಾಸಿಂಸಾಬ ನಕ್ಕ, "ನನ್ನ ಕಡೆ ಬಂದಿಲ್ಲ.
ಡೇಗಿ ಇರಬೇಕು. ಇಲ್ಲಾ ಯಾರದೋ ಗುಂಪು ಸೇರೇದ.
ಮೊದಲನೇದು ಹೋಗೋದೇ. ಫೀಸು ಅಂತ ತಿಳಿ."

ಈಗ ದಿನಾ ಸಂಜಿ ಮೂರನ್ನ ಎಣಸತೀನಿ,
ನೀರ ಮಾತ್ರ ನಾಕಕ್ಕ ಆಗೋಷ್ಟು ಹಾಕತೀನಿ.
ನಿನ್ನೆ ಬೂದಿ ಜೋಡಿ
ಕಪಾಟಿನ ಕೆಳಗಿನ ಖಣದಾಗ ಕಡ್ಡಿ ತಂದು ಇಟ್ಟಾವ,
ಬರೇ ಎರಡು ಕಡ್ಡಿ, ಅಡ್ಡಾದಿಡ್ಡಿ,
ಅದರ ಮ್ಯಾಲ ಕುಂತು
ಮನಿ ಕಟ್ಟೀವಿ ಅನ್ನೋ ಠೀವಿ.

ಇವತ್ತು ಅಂಗಡಿಗಿ ಒಬ್ಬ ಬಂದ.
"ಹೆಸರೇನು?" ಅಂದ.
ಘ ಎಂದಿನಂಗ ಕಾಲ ಚಾಚಿತ್ತು.
ನಾ ಅವಸರ ಮಾಡಲಿಲ್ಲ,
ಡಬ್ಬಿ ಹಿಡಿದು ನಿಂತಂಗ ನಿಂತೆ.